ನಿಂತ ಬೆವರು

ತೆರಕಣಾಂಬಿಯ ಆಲೆಮನೆಯಲ್ಲಿ ಬೆಳಗಿನಿಂದ ಒಲೆಗೆ ಉರಿ ಹಾಕುತ್ತಿದ್ದ ಗಂಡನ ಬೆನ್ನೊರೆಸಲು ಪುಟ್ಟಸಿದ್ದಮ್ಮ ಸೆರಗು ಚಾಚಿದಳು. ಬೆಲ್ಲದ ಕೊಪ್ಪರಿಗೆಯ ಸುತ್ತ ನಿಂತವರೆಲ್ಲ ಬೆವರಿನಲ್ಲಿ ತೊಯ್ದಿದ್ದರು. ರಂಗನಾಯಕನ ಬೆನ್ನು ಮಾತ್ರ ಒಣಗಿತ್ತು, ಕಾದ ಹೆಂಚಿನಂತೆ ಸುಡುತ್ತಿತ್ತು.

“ಬೆವರೇ ಇಲ್ವಲ್ಲ?”

“ಆಗ್ಲೇ ನಿಂತೋಯ್ತು. ಈಗ ಚಳಿ ಆಯ್ತದೆ ಕಣಮ್ಮಿ,” ಎಂದವನು ಉರಿಯ ಹತ್ತಿರಕ್ಕೆ ಸರಿದ.

“ಗಾಡಿ ಕಟ್ಸಿ ಅಯ್ಯ, ಗುಂಡ್ಲುಪೇಟೆ ಆಸ್ಪತ್ರೆಗೆ ಓಗನ,” ಎಂದು ಅವಳು ಆಲೆಮನೆಯ ಯಜಮಾನ ಚಿಕ್ಕಮಲ್ಲಪ್ಪನನ್ನು ಬೇಡಿದಳು.

ಅವನು ನಕ್ಕ. “ಮೈ ಉರಿಗೆ ಒಗ್ಗೋಗದೆ ಬುಡವ್ವ. ಪಾಕ ಇಳಿಯೋಗಂಟ ತಡ್ಕೊ.”

ಪುಟ್ಟಸಿದ್ದಮ್ಮ ಕಾಯಲಿಲ್ಲ. ಕುಡಿಯಲು ತುಂಬಿಟ್ಟಿದ್ದ ಕೊಡವನ್ನೆತ್ತಿ ಗಂಡನ ತಲೆಯ ಮೇಲೆ ಸುರಿದಳು. ಅವನು ಬೆಚ್ಚಲಿಲ್ಲ. ನಿಧಾನವಾಗಿ ತಿರುಗಿ ಅವಳ ಮುಖವನ್ನೇ ನೋಡಿ, “ಯಾವೂರವ್ವ ನಿಂದು?” ಎಂದು ಮೆಲ್ಲಗೆ ಕೇಳಿದ.