ಬಸಿದ ನೀರು

ಡಯಾಲಿಸಿಸ್ ಕುರ್ಚಿಯ ತನಕ ನಡೆದುಬಂದ ತಿಮ್ಮರಾಯಪ್ಪ ಕೂರುವ ಮೊದಲೇ ಕುಸಿದ. ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದ ಡಾಕ್ಟರ್ ಭಾರ್ಗವ, ಕಾಗದ ನೋಡಿದವರೇ "ಇಂಜೆಕ್ಷನ್, ಬೇಗ!" ಎಂದು ನರ್ಸ್ ಸೌಮ್ಯಳತ್ತ ಕೂಗಿದರು. ಜೆ.ಪಿ. ನಗರದ ಆ ಸೆಂಟರಿಗೆ ಎಂಟು ತಿಂಗಳಿಂದ ವಾರಕ್ಕೆ ಮೂರು ಸಲ ಉತ್ತರಹಳ್ಳಿಯಿಂದ ಗಂಡನನ್ನು ಕರೆತರುತ್ತಿದ್ದ ಮರಿಯಮ್ಮ, ಡಾಕ್ಟರು ಗಾಬರಿಯಾದದ್ದನ್ನು ಕಂಡದ್ದು ಇದೇ ಮೊದಲು.

"ಕೆಟ್ಟಿರೋದು ಕಿಡ್ನಿ ಅಲ್ವಾ ಸಾರ್, ಎದೆಗ್ಯಾಕೆ ವೈರು?"

"ಕಿಡ್ನಿ ಕೆಟ್ರೆ ಪೆಟ್ಟು ಬೀಳೋದು ಹಾರ್ಟಿಗೇ ಅಮ್ಮ. ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲೇ ಉಳ್ಕೊಂಡಿದೆ. ಹಾರ್ಟ್ ಯಾವ ಗಳಿಗೇಲಿ ಬೇಕಾದ್ರೂ ನಿಂತ್ಹೋಗ್ಬೋದು. ತಿನ್ನೋಕೆ ಏನು ಕೊಟ್ರಿ? ಎಳನೀರಾ? ಬಾಳೆಹಣ್ಣಾ?"

ಅಂಥ ಭಯದಲ್ಲೂ ಮರಿಯಮ್ಮನಿಗೆ ರೇಗಿತು. ನೋಡಲು ಬಂದ ನೆಂಟರು ತಂದ ಎಳನೀರನ್ನು ಅವರೆದುರಿಗೇ ಮೊಮ್ಮಗನಿಗೆ ಕುಡಿಸಿದವಳು ಅವಳು. "ಮುಟ್ಟೋಕೂ ಬಿಟ್ಟಿಲ್ಲ ಸಾರ್! ಸೊಪ್ಪನ್ನೂ ನೀವು ಹೇಳ್ದಂಗೇ ಚೆನ್ನಾಗಿ ಬೇಯಿಸಿ, ನೀರು ಬಸಿದೇ ಪಲ್ಯ ಮಾಡ್ತೀನಿ."

ಭಾರ್ಗವ ತಲೆಯಾಡಿಸಿ ಮಾನಿಟರಿನತ್ತ ತಿರುಗಿದರು. ಹಸಿರು ಗೆರೆ ಒಮ್ಮೆ ಏಳುತ್ತಿತ್ತು, ಮತ್ತೆ ಏಳಲು ತೀರಾ ತಡಮಾಡುತ್ತಿತ್ತು. ಆ ನಡುವಿನ ಹೊತ್ತಿನಲ್ಲಿ ಮರಿಯಮ್ಮನೂ ಉಸಿರು ಬಿಗಿಹಿಡಿಯುತ್ತಿದ್ದಳು.

ಸಿರಿಂಜು ಒತ್ತುತ್ತಲೇ ಸೌಮ್ಯ ಕೇಳಿದಳು, "ಅಜ್ಜಿ, ಆ ಬಸಿದ ನೀರು ಚೆಲ್ತೀರಾ ತಾನೇ?"

"ಚೆಲ್ಲೋದಾ? ಸತ್ವ ಎಲ್ಲಾ ಅದರಲ್ಲೇ ಇರೋದು! ಖಾರ ರುಬ್ಬಿ ಹಾಕಿ ಬಸ್ಸಾರು ಮಾಡ್ತೀನಿ. ಅದಿಲ್ದೆ ಇವ್ರಿಗೆ ಮುದ್ದೆ ಇಳಿಯಲ್ಲ. ಈ ವಾರ ಸುಸ್ತು ಸುಸ್ತು ಅಂತಿದ್ರು, ಅದಕ್ಕೇ ದಿನಾ ಒಂದು ಸೌಟು ಜಾಸ್ತಿನೇ..."

ಡಾಕ್ಟರು ತಿರುಗಿ ಮರಿಯಮ್ಮನ ಮುಖ ನೋಡಿದರು, ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಪೊಟ್ಯಾಸಿಯಂ ಇಳಿದಿರೋದು ಆ ನೀರಿಗೇ ಅಮ್ಮ" ಎಂದರು ಮೆಲ್ಲಗೆ. ಮರಿಯಮ್ಮನಿಗೆ ಆಗ ಹೊಳೆಯಿತು. ಸೊಪ್ಪಿನಿಂದ ಜೋಪಾನವಾಗಿ ಬಸಿದು ತೆಗೆದದ್ದನ್ನೆಲ್ಲ ತಾನೇ ಮುದ್ದೆಯ ಮೇಲೆ ಸುರಿದಿದ್ದಳು.

ಮಷೀನು ಗುಂಯ್‌ಗುಡತೊಡಗಿತು. "ಎರಡು ಗಂಟೆ ಕಳೀಲಿ, ಆಮೇಲೆ ಹೇಳ್ತೀನಿ" ಎಂದರು ಡಾಕ್ಟರು. ತಿಮ್ಮರಾಯಪ್ಪ ಅರೆಗಣ್ಣು ತೆರೆದು ಹೆಂಡತಿಯ ಸೆರಗಿಗಾಗಿ ತಡಕಾಡಿದ.

"ಮರೀ... ಮಧ್ಯಾಹ್ನಕ್ಕೆ ಬಸ್ಸಾರು ತಂದಿದೀಯ ತಾನೆ?"

ಅವಳು ಕುರ್ಚಿಯ ಕೆಳಗಿದ್ದ ಊಟದ ಕ್ಯಾರಿಯರನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಅದಿನ್ನೂ ಬಿಸಿಯಾಗಿತ್ತು.