ಐದು ಗಂಟೆಯ ತನಕ ಕಥೆ

"ಒಂದಾನೊಂದು ಊರಾಗೆ ಒಬ್ಬ ರಾಕ್ಷಸಿ ಇದ್ಲಂತೆ. ಅವಳ ಹೆಸರೇ ನಿದ್ದೆ. ಮನೆಮನೆಗೆ ಹೋಗಿ ಜೋಗುಳ ಹಾಡೋಳಂತೆ. ಕಣ್ಣು ಮುಚ್ಚಿದ ಕೂಡ್ಲೆ ಉಸಿರು ಕದ್ಕಂಡು ಓಡೋಳಂತೆ."

ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಸಿದ್ದಕ್ಕ ಮಂಚದತ್ತ ನೋಡಿದಳು. "ಹ್ಞೂಂ ಅನ್ನೋ, ಲಕ್ಷ್ಮೀಕಾಂತ."

ಮಗನ ಬಾಯಿಂದ ಗೊರಕೆ ಬಂತು. ಅದನ್ನೇ ಹ್ಞೂಂ ಅಂದುಕೊಂಡು ಅವಳು ಕಥೆ ಮುಂದುವರಿಸಿದಳು.

ದುರ್ಗದ ಆ ನರ್ಸಿಂಗ್ ಹೋಮಿನಲ್ಲಿ ಮೂರು ವಾರ್ಡಿಗೆ ಒಬ್ಬಳೇ ನರ್ಸು, ಗುಲ್ನಾಜ್. ಮಧ್ಯಾಹ್ನವೇ ತಾಯಿ, ಮಗ ಇಬ್ಬರಿಗೂ ಬಿಡಿಸಿ ಹೇಳಿದ್ದಳು: ಆಪರೇಷನ್ನಿನ ಮಂಪರು ಇಳಿದಿಲ್ಲ, ಅದರ ಮೇಲೆ ನೋವಿನ ಇಂಜೆಕ್ಷನ್. ಗಾಢ ನಿದ್ದೆಗೆ ಜಾರಿದರೆ ಉಸಿರು ಕಡಿಮೆಯಾಗುತ್ತಾ ನಿಂತೇ ಹೋದೀತು. ನಿದ್ದೆ ಮಾತ್ರೆಯಂತೂ ಹತ್ತಿರ ಸುಳಿಯಬಾರದು. ಐದು ಗಂಟೆಯ ತನಕ ಮಾತು ನಿಲ್ಲಬಾರದು.

"ಐದರ ತನಕ ಕಥೆ ಹೇಳ್ತೀನಿ ಕಣವ್ವ" ಎಂದು ಸಿದ್ದಕ್ಕ ಮಾತು ಕೊಟ್ಟಿದ್ದಳು.

ನಾಲ್ಕೂವರೆಗೆ ಅವಳ ಅಕ್ಕನ ಮಗಳು ರೇಣುಕಾ, ಗಂಡ ಹಾಲೇಶನ ಜೊತೆ ತಾಳ್ಯದಿಂದ ಬಂದಿಳಿದಳು. ಲಕ್ಷ್ಮೀಕಾಂತ್ ಆಸ್ಪತ್ರೆಯಲ್ಲಿದ್ದಾನೆ, ಆಪರೇಷನ್ ಆಯ್ತು ಎಂದಷ್ಟೇ ಫೋನಿನಲ್ಲಿ ಕೇಳಿದ್ದರು. ಉಳಿದದ್ದನ್ನು ದಾರಿಯಲ್ಲಿ ತಾವೇ ತುಂಬಿಕೊಂಡಿದ್ದರು. ಬಸ್ಸು ಹತ್ತುವಾಗ ಕರುಳು, ಇಳಿಯುವಾಗ ಹೃದಯ.

"ಅಯ್ಯೋ, ಎಂಗಿದ್ದ ಆಳು ಎಂಗಾಗೋದ!" ರೇಣುಕಾ ಕಣ್ಣೊರೆಸಿಕೊಂಡಳು. ಲಕ್ಷ್ಮೀಕಾಂತ್ ಎಂದಿನಂತೆಯೇ ಇದ್ದ. "ಚಿಕ್ಕಮ್ಮ, ಬಾಯಿ ಮುಚ್ಚು ಒಸಿ. ಮಲಗಿರೋರ ಪಕ್ಕ ಇದೇನು ರೇಡಿಯೋ?"

"ನಿದ್ದೆ ಬಂದ್ರೆ ಉಸ್ರು ಹೋಗ್ತೈತಂತೆ ಕಣೆ, ನರ್ಸಮ್ಮ ಹೇಳೌಳೆ. ಆಪರೇಷನ್ ಆಗಿರೋದು..."

"ಗೊತ್ತೈತೆ, ಎಲ್ಲಾ ಗೊತ್ತೈತೆ!"

"ಇಂಥ ಗೊರಕೆ ಹೊಡಿಯೋನಿಗೆ ಉಸ್ರಿಗೇನು ಬರ?" ಎಂದ ಹಾಲೇಶ್, ರೋಗಿಗೆಂದು ತಂದ ಎಳನೀರಿಗೆ ಸ್ಟ್ರಾ ಚುಚ್ಚಿ ತಾನೇ ಹೀರತೊಡಗಿದ. "ನಿದ್ದೆ ಮಾಡಿ ಸತ್ತೋರ್ನ ನಾನಂತೂ ಕಂಡಿಲ್ಲ."

ಸಿದ್ದಕ್ಕನ ರೆಪ್ಪೆ ಬಾಗುತ್ತಿತ್ತು. ನಾಲಿಗೆ ತೊಡರಿತು. ತೊಡೆ ಚಿವುಟಿಕೊಂಡು, "ರಾಕ್ಷಸಿ... ಬಾಗ್ಲಿಗೆ... ಬಂದ್ಲಂತೆ" ಎಂದಳು.

"ಪಾಪ, ನೀನೂ ದಣಿದಿದ್ದೀಯ" ಎಂದು ರೇಣುಕಾ ಚೀಲಕ್ಕೆ ಕೈ ಹಾಕಿದಳು. ಅರಿಶಿನ ಕುಂಕುಮದಷ್ಟೇ ಧಾರಾಳವಾಗಿ ಮಾತ್ರೆ ಹಂಚುವುದು ಅವಳ ರೂಢಿ. ಮೈಕೈ ನೋವಿಗೊಂದು, ಮುನಿಸಿಗೊಂದು. "ನಿದ್ದೆ ಮಾತ್ರೆ ಇದು. ನಾನು ದಿನಾ ನುಂಗ್ತೀನಿ, ಸತ್ತಿದ್ದೀನಾ? ನುಂಗಿ ಮಲಕ್ಕ. ಇಲ್ಲಿ ನಾವಿದ್ದೀವಿ."

ಬೇಡ ಎಂದು ಬಾಯಿ ತೆರೆದದ್ದೇ ತಡ, ಮಾತ್ರೆ ಒಳಗೆ ಬಿತ್ತು. ಹಾಲೇಶ್ ನೀರಿನ ಲೋಟ ಎತ್ತಿದ. ಸಿದ್ದಕ್ಕ ಎಲ್ಲ ಶಕ್ತಿ ಕೂಡಿಸಿ ಉಗುಳಿದಳು. ಮಾತ್ರೆ ಅವನ ಅಂಗಿಗೆ ಬಡಿದು ನೆಲಕ್ಕುರುಳಿತು.

"ಅರಳುಮರಳು!" ಎಂದು ರೇಣುಕಾ ಹಣೆ ಚಚ್ಚಿಕೊಂಡಳು.

"ಆಗ ರಾಜಕುಮಾರಿ ಏನ್ ಮಾಡಿದ್ಲಪ್ಪಾ ಅಂದ್ರೆ," ಸಿದ್ದಕ್ಕನ ದನಿ ಏರಿತು, "ರಾಕ್ಷಸಿಗೇ ಕಥೆ ಹೇಳಾಕೆ ಕುಂತ್ಲಂತೆ. ಊರು ಬೈತು, ಕೇರಿ ಬೈತು, ಅವಳು ನಿಲ್ಲಿಸ್ಲಿಲ್ಲಂತೆ. ಕೊನೆಗೆ ರಾಕ್ಷಸಿಯೇ ತೂಕಡಿಸಿ ಬಿದ್ಲಂತೆ." ಅವಳು ಗೋಡೆ ಗಡಿಯಾರ ನೋಡಿದಳು. ಐದು. "ಅಲ್ಲಿಗೆ ಕಥೆ ಮುಗೀತು."

ಬಾಗಿಲು ತಳ್ಳಿಕೊಂಡು ಗುಲ್ನಾಜ್ ಬಂದಳು. ರೇಣುಕಾ ದೂರು ತೆಗೆದೇಬಿಟ್ಟಳು: "ನೋಡ್ರಿ ಸಿಸ್ಟರ್, ಪೇಷೆಂಟಿಗೆ ಒಂದು ಗಳಿಗೆ ನಿದ್ದೆ ಮಾಡಾಕೆ ಬಿಟ್ಟಿಲ್ಲ ಈಯಮ್ಮ!"

ಗುಲ್ನಾಜ್ ಮಂಚ ದಾಟಿ ಕುರ್ಚಿಯ ಬಳಿ ಹೋದಳು. ಶಾಲು ಸರಿಸಿ, ಪ್ಲಾಸ್ಟರ್ ಹಾಕಿದ್ದ ಮುದುಕಿಯ ಬಲಗೈ ನೋಡಿದಳು. ಎಡಗೈ ಬೆರಳಿಗೆ ಉಸಿರು ನೋಡುವ ಪುಟ್ಟ ಯಂತ್ರ ಸಿಕ್ಕಿಸಿ ನಕ್ಕಳು.

"ಗೆದ್ದುಬಿಟ್ರಿ ಅಜ್ಜಿ, ಇನ್ನು ಮಲಕ್ಕೊಳ್ರಿ. ರೀ, ಯಾರ್ರೀ ಅದು ಪೇಷೆಂಟ್ ಮಂಚದ ಮೇಲೆ ಬಿದ್ಕೊಂಡಿರೋದು? ಎಬ್ಬಿಸ್ರಿ!"