ಅಕ್ಕನ ಮನೆಯ ಸರ್ವರ್

ಯಾರಾದರೂ ಅಕ್ಕರೆಯಿಂದ ನೆನೆಸಿಕೊಂಡರೆ ಈಗ ಬಿಕ್ಕಳಿಕೆ ಬರುವುದಿಲ್ಲ, ಫೋನ್ ಟಿಣ್ ಎನ್ನುತ್ತದೆ. ನೆನೆಸಿಕೊಂಡವರ ಹೆಸರೂ ತೋರುತ್ತದೆ. ಸರ್ವಮಂಗಳೆಯ ಫೋನು ಮಾತ್ರ ವರ್ಷಗಳಿಂದ ತೆಪ್ಪಗಿತ್ತು. ಇದು ಫೋನ್ ಕಂಪನಿಯವರದೇ ತಪ್ಪೆಂದು ಅವಳು ತಂಗಿ ಶಶಿಕಲಾಳನ್ನು ಕರೆಸಿ, ನೆನಪುಗಳನ್ನು ಹಿಡಿದು ಫೋನಿಗೆ ತಲುಪಿಸುವ ಸ್ವಂತ ಸರ್ವರನ್ನು ಮನೆಯಲ್ಲೇ ಹಾಕಿಸಿಕೊಳ್ಳುತ್ತಿದ್ದಳು.

ಶಶಿಕಲಾ ಸರ್ವರಿನ ಪುಟ್ಟ ಪೆಟ್ಟಿಗೆಯನ್ನು ಫ್ರಿಜ್ಜಿನ ಮೇಲಿಟ್ಟು, ಅಕ್ಕನ ಫೋನನ್ನು ಅದಕ್ಕೆ ಜೋಡಿಸಿದಳು.

"ಈಗ ನಾನು ನಿನ್ನ ನೆನೆಸ್ಕೋತೀನಿ, ನೋಡ್ತಿರು."

ಅಕ್ಕ ಅವರೆಕಾಳು ಹಿದುಕುವುದನ್ನು ನಿಲ್ಲಿಸಿ ಫೋನನ್ನೇ ನೋಡುತ್ತ ಕೂತಳು. ಶಶಿಕಲಾ ಕಣ್ಣು ಮುಚ್ಚಿದಳು. ಸರ್ವರಿನ ಪಾಸ್‌ವರ್ಡ್ ನೆನಪಾಯಿತು, ಊರಿಗೆ ಹೋಗುವ ಬಸ್ಸು ನೆನಪಾಯಿತು. ಫೋನ್ ಸುಮ್ಮನಿತ್ತು.

ಸೆಟ್ಟಿಂಗ್ ಎಲ್ಲ ಸರಿಯಾಗಿಯೇ ಇತ್ತು. ಹಾಗಾದರೆ ಕಂಪನಿಯವರದೂ ಸರಿಯಾಗಿಯೇ ಇದ್ದಿರಬೇಕೆಂದು ಶಶಿಕಲಾಳಿಗೆ ಆಗ ಹೊಳೆಯಿತು.

"ಇದೂ ಕೆಟ್ಟಿದೆಯೇನೇ?"

"ಇಲ್ಲಕ್ಕ, ಒಂದ್ನಿಮಿಷ ಇರು."

ಸರ್ವರಿನಲ್ಲಿ ಪರೀಕ್ಷೆಗೆಂದು ಕಳಿಸುವ ಸಂದೇಶವೊಂದಿರುತ್ತದೆ. ಶಶಿಕಲಾ ಅದರಲ್ಲಿ ತನ್ನ ಹೆಸರು ಬರೆದು ಕಳಿಸಿದಳು. ಟಿಣ್.

"ಬಂತು ಕಣೇ, ನಿನ್ನದೇ ಹೆಸರು." ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಎತ್ತಿಕೊಂಡಳು. "ನೋಡಿದ್ಯಾ, ಇಷ್ಟು ವರ್ಷ ನೀನು ನೆನೆಸ್ಕೊಂಡಿದ್ದನ್ನೆಲ್ಲ ಆ ಕಂಪನಿಯೋರು ನುಂಗಿಹಾಕಿದ್ರು."

ಶಶಿಕಲಾ ತಲೆಯಾಡಿಸಿದಳು. ಅಕ್ಕನ ಮುಖ ನೋಡದೆ, ಆ ಸಂದೇಶ ದಿನಾ ಸಂಜೆ ತಾನಾಗಿಯೇ ಹೋಗುವಂತೆ ಮಾಡಿಟ್ಟಳು.

ಬ್ಯಾಗಿನಲ್ಲಿ ಅವಳ ಫೋನ್ ಮತ್ತೆ ನಡುಗಿತು. ಹೊತ್ತುಗೊತ್ತಿಲ್ಲದೆ ಟಿಣ್ ಎನ್ನುತ್ತದೆಂದು ಬೇಸತ್ತು ಅವಳೇ ಎಂದೋ ಅದರ ಬಾಯಿ ಮುಚ್ಚಿಸಿದ್ದಳು. ಯಾರೆಂದು ತೆಗೆದು ನೋಡಬೇಕಾಗಿರಲಿಲ್ಲ. ನೆನೆಸಿಕೊಂಡವಳು ಎದುರಿಗೇ ಕೂತು ಅವರೆಕಾಳು ಹಿದುಕುತ್ತಿದ್ದಳು.